ಮಾಹಿತಿ ಎಂಬ ಅಮಾನತು

ಸರಕಾರಿ ಕಚೇರಿಯ ಕನ್ನಡದಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ಆ ಪದದ ಮೂಲಾರ್ಥವೇ ಬೇರೆ: ನಂಬಿ ಒಪ್ಪಿಸಿದ ಸೊತ್ತು. ಅದು ನನ್ನ ಕೈಯಲ್ಲಿರುತ್ತದೆ, ಆದರೆ ನನ್ನದಲ್ಲ. ಆಧಾರ್ ಪ್ರತಿ, ಮೊಬೈಲ್ ಸಂಖ್ಯೆ, ರಕ್ತಪರೀಕ್ಷೆಯ ವರದಿಗಳನ್ನು ನಾವು ಆಸ್ಪತ್ರೆಗೂ ಬ್ಯಾಂಕಿಗೂ ಸಿಮ್ ಅಂಗಡಿಗೂ ಒಪ್ಪಿಸುವುದು ಈ ಅರ್ಥದಲ್ಲೇ. ಪಡೆದವರು ಮಾತ್ರ ಅದನ್ನು 'ನಮ್ಮ ಡಾಟಾ' ಎನ್ನುತ್ತಾರೆ.

ಕ್ರಿ.ಶ. 622ರಲ್ಲಿ ಮಕ್ಕಾ ತೊರೆಯುವಾಗ ಪ್ರವಾದಿ ಮುಹಮ್ಮದ್(ಸ)ರು ತಮ್ಮಲ್ಲಿದ್ದ ಅಮಾನತುಗಳನ್ನು ಒಡೆಯರಿಗೆ ಮರಳಿಸಲು ಹಝ್ರತ್ ಅಲಿ(ರ)ಯವರನ್ನು ಅಲ್ಲಿಯೇ ಬಿಟ್ಟು ಹೋದರು. ಪ್ರಾಣಕ್ಕೆ ಕುತ್ತು ಬಂದ ಹೊತ್ತಿನಲ್ಲೂ, ತಮ್ಮನ್ನು ಓಡಿಸಿದ ಊರಿನವರ ವಿಷಯದಲ್ಲೂ ಸೊತ್ತು ಯಾರದೆಂಬುದು ಅವರಿಗೆ ಮರೆಯಲಿಲ್ಲ.

ನಮ್ಮ ಕಾನೂನು ಇದನ್ನು ಅರ್ಧ ಒಪ್ಪಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಗಡುವು ಕೊಡಲಾಯಿತು. ಮಾಹಿತಿ ಸೋರಿದರೆ ಏನಾಯಿತು, ಅದರಿಂದ ಏನು ಅಪಾಯ, ಈಗ ಏನು ಮಾಡಬೇಕು ಎಂದು ಸಂಬಂಧಪಟ್ಟವರಿಗೆ ತಡಮಾಡದೆ ತಿಳಿಸಬೇಕು. ಮಂಡಳಿಗೆ 72 ಗಂಟೆಗಳೊಳಗೆ ವಿವರ ಕೊಡಬೇಕು. ಸೂಕ್ತ ಭದ್ರತೆ ಇಟ್ಟುಕೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. (ಸರಕಾರ ತನ್ನ ಸಂಸ್ಥೆಗಳಿಗೇ ವಿನಾಯಿತಿ ಕೊಟ್ಟುಕೊಳ್ಳಬಹುದೆಂಬುದು ಇನ್ನೊಂದು ದೊಡ್ಡ ಕಥೆ, ಅದು ಇಲ್ಲಿ ಬೇಡ.)

ಆದರೆ ಆ ದಂಡದ ಹಣ ಹೋಗುವುದು ಭಾರತದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ನಿರ್ಲಕ್ಷ್ಯ ತೋರಿದ ಕಂಪೆನಿಯಿಂದ ಪರಿಹಾರ ಕೇಳಲು ಅವಕಾಶವಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ನನ್ನೂ ಹೊಸ ಕಾಯ್ದೆ ತೆಗೆದುಹಾಕುತ್ತದೆ. ಫಿಕ್‌ಹ್ ಶಾಸ್ತ್ರದ ದಾರಿ ಬೇರೆ. ಎಚ್ಚರದಿಂದ ಕಾದರೂ ಸೊತ್ತು ಹೋದರೆ ಅಮಾನತುದಾರ ಹೊಣೆಯಲ್ಲ. ಅಸಡ್ಡೆಯಿಂದ ಹೋದರೆ ಹೊಣೆ, ಮತ್ತು ನಷ್ಟ ತುಂಬಿಕೊಡಬೇಕಾದದ್ದು ಅದರ ಒಡೆಯನಿಗೆ, ಊರಿನ ಖಜಾನೆಗಲ್ಲ.

ಸೋರಿದ ಫೋನ್ ನಂಬರಿಗೆ ಬೆಲೆ ಕಟ್ಟುವುದು ಹೇಗೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಳೆದ ಬಳೆಗೆ ಇನ್ನೊಂದು ಬಳೆ ಕೊಡಿಸಬಹುದು. ಬಯಲಾದ ಕಾಯಿಲೆಯ ವರದಿಯನ್ನು ಮತ್ತೆ ಗುಟ್ಟಾಗಿಸಲು ಯಾರಿಂದಲೂ ಆಗದು. ಆದರೆ ಅಳೆಯುವುದು ಕಷ್ಟವೆಂದು ನಷ್ಟವನ್ನು ಸೊನ್ನೆ ಎಂದು ಬರೆದುಕೊಳ್ಳುವುದು ಯಾವ ಲೆಕ್ಕ?

ಕಂಪೆನಿಗಳನ್ನಷ್ಟೇ ದೂರುವುದೂ ಸುಲಭ. ಝಕಾತ್ ಕೇಳಿದವರ, ಮಗಳ ಮದುವೆಗೆ ನೆರವು ಬೇಡಿದ ವಿಧವೆಯರ ಹೆಸರು, ವಿಳಾಸ, ಬ್ಯಾಂಕ್ ಖಾತೆಗಳ ಪಟ್ಟಿ ನಮ್ಮ ಕಮಿಟಿಗಳ ಮೊಬೈಲುಗಳಲ್ಲೂ ಇರುತ್ತದೆ. 'ಪಾರದರ್ಶಕತೆ'ಯ ಹೆಸರಿನಲ್ಲಿ ಅದು ವಾಟ್ಸ್ಆ್ಯಪ್ ಗ್ರೂಪಿಗೂ ಏರುತ್ತದೆ, ಕೆಲವೊಮ್ಮೆ ಫೋಟೊ ಸಹಿತ. ಅಲ್ಲಿಂದ ಅದು ಎಷ್ಟು ಕೈ ದಾಟಿತೆಂದು ಆ ಮನೆಗಳ ಬಾಗಿಲು ತಟ್ಟಿ ಹೇಳಿಬರಲು ಕಮಿಟಿಯಿಂದ ಯಾರು ಹೋಗುತ್ತಾರೆ?