ಮನೆಯ ನಾಯಿಯ ಕಡೆಗಾಲ

ದಯೆಯೇ ಧರ್ಮದ ಬೇರೆಂಬುದು ಶರಣಮಾರ್ಗದಲ್ಲಿ ನಡೆಯುವ ಯಾರಿಗೂ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಆ ದಯೆಯು ಯಾವ ಸಂದರ್ಭದಲ್ಲಿ ಯಾವ ರೂಪವನ್ನು ತಾಳಬೇಕೆಂಬ ವಿಚಾರ ಬಂದಾಗ ತಿಳಿದವರೂ ತೊಡಕಿಗೆ ಸಿಕ್ಕುತ್ತಾರೆ. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು ಎಂಬಲ್ಲಿ ಸಂದೇಹವಿಲ್ಲ. ಹತ್ತು ಹನ್ನೆರಡು ವರ್ಷ ಮನೆಯ ಬಾಗಿಲು ಕಾಯ್ದ ನಾಯಿಯೊಂದು ಮುಪ್ಪಿನಿಂದಲೂ ರೋಗದಿಂದಲೂ ನೆಲಹಿಡಿದು ಇರುಳೆಲ್ಲ ನರಳುತ್ತಿರುವಾಗ ಅದಕ್ಕೆ ದಯೆಯೆಂದರೆ ಯಾವುದು? ಉಸಿರು ತಾನಾಗಿ ನಿಲ್ಲುವವರೆಗೆ ಕಾಯುವುದೆ, ವೈದ್ಯನನ್ನು ಕರೆಸಿ ನೋವಿಲ್ಲದ ಮರಣವನ್ನು ಕೊಡಿಸುವುದೆ? ಕೊಡಿಸುವುದಾದರೆ ಆ ಗಳಿಗೆಯನ್ನು ನಿಶ್ಚಯಿಸುವವರು ಯಾರು?

ನಾಯಿಯ ವಿಷಯಕ್ಕೆ ಇಷ್ಟು ಜಿಜ್ಞಾಸೆ ಏಕೆಂದು ಕೇಳುವವರುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಈ ಬೆದ್ದಲು ಸೀಮೆಯಲ್ಲಿ ಒಕ್ಕಲುತನ ಮಾಡುವವರು ಹಾಗೆ ಕೇಳಲಾರರು. ಗುಡೇಕೋಟೆಯ ಕಡೆಯ ಬೆಟ್ಟಗಳಿಂದ ಕರಡಿಯೂ ಹಂದಿಯೂ ಹೊಲಕ್ಕೆ ಇಳಿಯುವ ರಾತ್ರಿಗಳಲ್ಲಿ ಶೇಂಗಾದ ಹೊಲದ ಗುಡಿಸಲ ಮುಂದೆ ಎಚ್ಚರವಾಗಿರುವುದು ನಾಯಿ. ಕುರಿಯ ಹಟ್ಟಿಯ ಸುತ್ತ ಮಲಗುವುದೂ ಅದೇ. ಇಂತಹ ಪ್ರಾಣಿಯ ಋಣವು ಒಂದು ತುಂಡು ರೊಟ್ಟಿಯಿಂದ ತೀರುವುದಲ್ಲ.

ಕಾನಹೊಸಹಳ್ಳಿಯಂತಹ ಊರಿನ ಒಬ್ಬ ಭಕ್ತನ ಮನೆಯನ್ನು ಭಾವಿಸಿಕೊಳ್ಳಬಹುದು. ನಾಯಿಗೆ ಹದಿಮೂರು ವರ್ಷ. ಕಣ್ಣಿಗೆ ಪೊರೆ ಬಂದಿದೆ, ಹಿಂಗಾಲುಗಳು ಸೋತಿವೆ, ಮೂತ್ರಪಿಂಡ ಕೆಟ್ಟಿದೆಯೆಂದು ಪಶುವೈದ್ಯರು ಹೇಳಿದ್ದಾರೆ. ಮಲಗಿದಲ್ಲಿಯೇ ಒದ್ದೆಯಾಗಿ ಮೈ ಹುಣ್ಣಾಗಿದೆ. ಮನೆಯಲ್ಲಿ ಮೂರು ಅಭಿಪ್ರಾಯಗಳು. ಮಗನು, ಸೂಜಿ ಹಾಕಿಸಿಬಿಡೋಣವೆನ್ನುತ್ತಾನೆ. ತಂದೆಯು, ಲಿಂಗವಂತರ ಮನೆಯಲ್ಲಿ ಕೊಲೆಯೆ, ಶಿವ ಶಿವಾ ಎಂದು ಕಿವಿ ಮುಚ್ಚಿಕೊಳ್ಳುತ್ತಾನೆ. ಮೂರನೆಯ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಆದರೆ ಎಷ್ಟೋ ಊರುಗಳಲ್ಲಿ ಕಡೆಗೆ ನಡೆಯುವುದು ಅದೇ. ಒಂದು ಸಂಜೆ ನಾಯಿಯನ್ನು ಗೋಣಿಯಲ್ಲಿ ಇಟ್ಟುಕೊಂಡು ಹೋಗಿ ಊರಾಚೆ ಹೆದ್ದಾರಿಯ ಮಗ್ಗುಲಲ್ಲೋ ಹಳ್ಳದ ದಂಡೆಯಲ್ಲೋ ಇಳಿಸಿ ಬರುತ್ತಾರೆ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಲಾರಿಗಳು ಹಗಲಿರುಳೂ ಓಡುವ ದಾರಿ ಅದು. ಕಣ್ಣಿಲ್ಲದ, ಕಾಲಿಲ್ಲದ ಪ್ರಾಣಿ ಅಲ್ಲಿ ಎಷ್ಟು ಹೊತ್ತು ಬದುಕೀತು? ಬಿಟ್ಟುಬಂದವರ ಕೈಗೆ ರಕ್ತ ಅಂಟಿಲ್ಲ. ತಾವು ಕೊಲ್ಲಲಿಲ್ಲವೆಂಬ ಸಮಾಧಾನದಿಂದ ಅವರು ಮರುದಿನ ಎಂದಿನಂತೆ ಲಿಂಗಪೂಜೆಗೆ ಕುಳಿತುಕೊಳ್ಳುತ್ತಾರೆ.

ಇದನ್ನು ಅಹಿಂಸೆಯೆಂದು ಕರೆಯುವುದು ಸಾಧ್ಯವೆ? ಹಿಂಸೆಯೆಂಬುದು ಕೈಯ ಕೆಲಸವಾಗುವುದಕ್ಕೆ ಮೊದಲು ಮನಸ್ಸಿನ ಕೆಲಸ. ನೋವನ್ನು ಕಂಡೂ ಅದರಿಂದ ತಾನು ದೂರವಾಗುವುದಕ್ಕೆ ಮಾಡಿದ ಉಪಾಯವು, ಅದರಲ್ಲಿ ಒಂದು ಹನಿ ರಕ್ತವೂ ಬೀಳದಿದ್ದರೂ, ಹಿಂಸೆಯೇ ಸರಿ. ಸರ್ಕಾರದ ಕಾನೂನಿಗೂ ಇದು ಹೊಳೆದಿದೆ. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಶಾಸನವು ಹಸಿವು ಬಾಯಾರಿಕೆಗಳಿಂದ ನರಳುವ ಸಂಭವವಿರುವೆಡೆಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದನ್ನು ಕ್ರೌರ್ಯಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಬೀದಿಯ ನಾಯಿಗಳಿಗಾಗಿ 2001ರಲ್ಲಿ ಬಂದ ನಿಯಮಗಳು, ಗುಣವಾಗದ ರೋಗವುಳ್ಳ ಅಥವಾ ಸಾಯುವಂತೆ ಗಾಯಗೊಂಡ ನಾಯಿಗೆ ಅರ್ಹನಾದ ಪಶುವೈದ್ಯನೇ ನೋವಿಲ್ಲದಂತೆ ಮರಣ ಕೊಡಬೇಕೆಂದೂ, ಅದನ್ನು ಇನ್ನೊಂದು ನಾಯಿಯ ಎದುರಿಗೆ ಮಾಡಕೂಡದೆಂದೂ ವಿಧಿಸಿದವು. ಯಜಮಾನನಿಲ್ಲದ ನಾಯಿಗೆ ಇಷ್ಟು ಮರ್ಯಾದೆ ಸಲ್ಲುವುದಾದರೆ ಯಜಮಾನನುಳ್ಳ ನಾಯಿಗೆ ಗೋಣಿಚೀಲವೆ?

ಇನ್ನು ತಂದೆಯ ಮಾತು. ಅದನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಯಜ್ಞದ ಹೆಸರಿನಲ್ಲಿ ನಡೆಯುತ್ತಿದ್ದ ಪಶುವಧೆಯನ್ನು ಬಸವಾದಿ ಶರಣರು ನಿಷ್ಠುರವಾಗಿ ಖಂಡಿಸಿದವರು. ಆ ಪರಂಪರೆಯಲ್ಲಿ ಬಂದವನಿಗೆ ಕೊಲೆಯೆಂಬ ಶಬ್ದದಿಂದಲೇ ಮೈ ನಡುಗುವುದು ಶುಭಲಕ್ಷಣ. ಆದರೆ ಅಲ್ಲಿ ಖಂಡಿತವಾದದ್ದು ಯಾವುದೆಂದು ವಿಚಾರಿಸಬೇಕು. ಯಾಜಕನ ಪುಣ್ಯಕ್ಕಾಗಿ, ಯಜಮಾನನ ಸ್ವರ್ಗಕ್ಕಾಗಿ, ತಿನ್ನುವವನ ನಾಲಗೆಗಾಗಿ ಮತ್ತೊಂದು ಜೀವದ ಪ್ರಾಣವನ್ನು ತೆಗೆಯುವುದು. ಬಲಿಯಾದ ಪ್ರಾಣಿಗೆ ಅದರಿಂದ ಯಾವ ಲೇಸೂ ಇಲ್ಲ. ಹೀಗಿರಲಾಗಿ ಪ್ರಕೃತ ವಿಷಯದಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಯಾರ ಸಲುವಾಗಿ? ನಾಯಿಯ ಸಲುವಾಗಿಯೋ, ಮನೆಯವರ ಸಲುವಾಗಿಯೋ?

ಈ ಪ್ರಶ್ನೆ ಇಬ್ಬಾಯಿಯ ಕತ್ತಿಯಂತೆ ಎರಡು ಕಡೆಗೂ ಕೊಯ್ಯುತ್ತದೆ. ವಾಸನೆ ಬರುತ್ತದೆ, ನಡುಮನೆ ಹೊಲಸಾಗುತ್ತದೆ, ನೆಂಟರು ಬರುವವರಿದ್ದಾರೆ, ಔಷಧಕ್ಕೆ ಹಣ ಹೋಗುತ್ತದೆ ಎಂದು ಸೂಜಿ ಹಾಕಿಸುವವನು ತನ್ನ ಸಲುವಾಗಿ ಹಾಕಿಸುವನು. ಅದು ಕೊಲೆಯೆಂಬುದರಲ್ಲಿ ಸಂದೇಹವಿಲ್ಲ. ಹಾಗೆಯೇ, ಬಿಟ್ಟಿರಲಾರೆನೆಂದು, ಮನೆ ಬಣಗುಡುತ್ತದೆಂದು, ಪಾಪ ತನ್ನ ತಲೆಗೆ ಬಂದೀತೆಂದು ನರಳುವ ಜೀವವನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವವನೂ ತನ್ನ ಸಲುವಾಗಿಯೇ ಹಿಡಿದಿಟ್ಟುಕೊಳ್ಳುವನು. ಮೊದಲನೆಯದು ಬೇಸರ, ಎರಡನೆಯದು ಮೋಹ. ಮೋಹವು ದಯೆಯ ವೇಷವನ್ನೇ ಹಾಕಿಕೊಂಡು ಬರುವುದರಿಂದ ಅದನ್ನು ಗುರುತಿಸುವುದು ಬೇಸರವನ್ನು ಗುರುತಿಸುವುದಕ್ಕಿಂತ ಕಷ್ಟ. ಎರಡರ ಭೇದ ಇಷ್ಟೆ: ಮೋಹಕ್ಕೆ ತನ್ನ ನೋವು ಕಾಣುತ್ತದೆ; ದಯೆಗೆ ಎದುರಿನ ಜೀವದ ನೋವು ಕಾಣುತ್ತದೆ.

ಇದೇ ತೊಡಕು ನಾಡಿನ ಮುಂದೆ ಬಹಿರಂಗವಾಗಿ ಬಂದದ್ದು 1928ರಲ್ಲಿ. ಸಾಬರಮತಿ ಆಶ್ರಮದಲ್ಲಿ ಒಂದು ಕರು ಊನಗೊಂಡು ಬಿದ್ದಿತ್ತು. ಸಾಧ್ಯವಾದ ಶುಶ್ರೂಷೆಯೆಲ್ಲ ನಡೆಯಿತು, ವೈದ್ಯರು ಕೈಬಿಟ್ಟರು, ಮಗ್ಗುಲು ಹೊರಳಿಸುವುದೂ ಅದಕ್ಕೆ ಪ್ರಾಣಸಂಕಟವಾಯಿತು. ಆಗ ಗಾಂಧೀಜಿಯವರು ಆಶ್ರಮವಾಸಿಗಳೊಡನೆ ವಿಚಾರಮಾಡಿ, ತಾವೇ ಎದುರು ನಿಂತು, ವೈದ್ಯರಿಂದ ಸೂಜಿ ಹಾಕಿಸಿ ಅದರ ಯಾತನೆಯನ್ನು ಮುಗಿಸಿದರು. ಅಹಿಂಸೆಯನ್ನೇ ಉಸಿರಾಡಿದವರು ಕರುವನ್ನು ಕೊಲ್ಲಿಸಿದರೆಂದು ಗುಜರಾತಿನಲ್ಲಿ ಎದ್ದ ಕೋಪ ಸಾಮಾನ್ಯವಾದದ್ದಲ್ಲ. ಅವರು ಅದನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲಿ ಬರೆದು ಸಮರ್ಥಿಸಿಕೊಂಡರು. ಇಲ್ಲಿ ಗಮನಿಸತಕ್ಕದ್ದೆಂದರೆ, ಅದೇ ಲೇಖನದಲ್ಲಿ ಆಶ್ರಮದ ಬೆಳೆಗೆ ಕೋತಿಗಳು ಮಾಡುವ ಹಾನಿಯ ವಿಚಾರವೂ ಬರುತ್ತದೆ. ಬೆಳೆಯನ್ನು ಉಳಿಸಿಕೊಳ್ಳಲು ಕೋತಿಯನ್ನು ಕೊಲ್ಲುವುದು ಮಾತ್ರ ಹಿಂಸೆಯೇ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಕರುವಿನ ಮರಣ ಕರುವಿಗಾಗಿ. ಕೋತಿಯ ಮರಣ ಬೆಳೆಯವನಿಗಾಗಿ. ಯಾರ ಸಲುವಾಗಿ ಎಂಬ ಪ್ರಶ್ನೆಯೇ ಅಲ್ಲಿಯೂ ಗಡಿಗಲ್ಲಾಯಿತು.

ಪ್ರಾರಬ್ಧ ಕರ್ಮವನ್ನು ಅನುಭವಿಸಿಯೇ ತೀರಬೇಕು, ನಡುವೆ ಅಡ್ಡಬಂದರೆ ಉಳಿದ ಕರ್ಮಕ್ಕಾಗಿ ಆ ಜೀವವು ಮತ್ತೆ ಹುಟ್ಟಬೇಕಾದೀತು ಎಂಬ ವಾದವೊಂದುಂಟು. ಈ ವಾದವನ್ನು ಪೂರ್ತಿಯಾಗಿ ನಡೆಸಿದರೆ ಜ್ವರ ಬಂದ ಮಗುವಿಗೆ ಕಷಾಯ ಕೊಡುವುದೂ, ಬಾವಿಗೆ ಬಿದ್ದವನಿಗೆ ಹಗ್ಗ ಇಳಿಬಿಡುವುದೂ ಕರ್ಮಕ್ಕೆ ಅಡ್ಡಬಂದಂತೆಯೇ. ಕರ್ಮಸಿದ್ಧಾಂತವನ್ನು ತನ್ನ ದುಃಖವನ್ನು ಸಹಿಸುವುದಕ್ಕಾಗಿ ನೆನೆಯಬಹುದೇ ಹೊರತು ಪರರ ದುಃಖವನ್ನು ನೋಡುತ್ತ ಕುಳಿತುಕೊಳ್ಳುವುದಕ್ಕಾಗಿ ನೆನೆಯಬಾರದು.

ಪ್ರಾಣವು ಶಿವನು ಕೊಟ್ಟದ್ದು, ಅವನೇ ಕೊಂಡೊಯ್ಯಲಿ ಎಂಬ ಮಾತು ಇದಕ್ಕಿಂತ ಗಂಭೀರವಾದದ್ದು. ಇದಕ್ಕೆ ಉತ್ತರ ಹೇಳುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಅಡವಿಯ ತೋಳವು ಹಲ್ಲು ಸವೆದು ಕಾಲು ಸೋತ ಮೇಲೆ ಬಹುಕಾಲ ಬದುಕುವುದಿಲ್ಲ. ಮನೆಯ ನಾಯಿ ಬದುಕುತ್ತದೆ. ಏಕೆಂದರೆ ಮನುಷ್ಯನು ಅದಕ್ಕೆ ಮಿದುವಾದ ಅನ್ನವನ್ನು ಕಲಸಿ ಹಾಕುತ್ತಾನೆ, ಉಣ್ಣೆ ಕಿತ್ತು ಔಷಧ ಹಚ್ಚುತ್ತಾನೆ, ರೋಗನಿರೋಧದ ಸೂಜಿ ಹಾಕಿಸುತ್ತಾನೆ. ಅಂದರೆ ಆ ಆಯುಷ್ಯದಲ್ಲಿ ಮನುಷ್ಯನ ಕೈ ಆಗಲೇ ಸೇರಿಹೋಗಿದೆ. ಬೆಳಸುವಾಗ ತನ್ನ ಕೈಯನ್ನು ಚಾಚಿದವನು ಕಡೆಯ ಸಂಕಟದ ಹೊತ್ತಿಗೆ ಮಾತ್ರ, ಇದು ಶಿವನ ಕೆಲಸವೆಂದು ಕೈ ಹಿಂತೆಗೆದರೆ ಅದು ಭಕ್ತಿಯೆನಿಸದು. ತಾನಾಗಿ ಬರುವ ಮರಣವು ಯಾವಾಗಲೂ ನಿದ್ರೆಯಂತೆ ಬರುತ್ತದೆಂಬ ನಂಬಿಕೆಯೂ ಸರಿಯಲ್ಲ. ಮೂತ್ರಪಿಂಡ ಕೆಟ್ಟ ನಾಯಿ ವಾಂತಿಯಿಂದಲೂ ನೀರಡಿಕೆಯಿಂದಲೂ ದಿನಗಟ್ಟಲೆ ಬಳಲಿಯೇ ಸಾಯಬಹುದು.

ಹಾಗೆಂದು ನಾಯಿಗೆ ಮುಪ್ಪು ಬಂದೊಡನೆ ಸೂಜಿಯ ಮಾತೆತ್ತುವುದು ಅಧರ್ಮ. ಮುಪ್ಪು ರೋಗವಲ್ಲ. ಕಣ್ಣು ಕಾಣದ ನಾಯಿ ಮೂಗಿನ ಬಲದಿಂದ ಅಂಗಳದಲ್ಲಿ ಸುಖವಾಗಿ ತಿರುಗಾಡುತ್ತದೆ. ಕಿವಿ ಕೇಳದಿರುವುದು ಯಾತನೆಯಲ್ಲ. ಕೀಲುಬೇನೆಗೆ ಪಶುವೈದ್ಯರಲ್ಲಿ ಔಷಧವುಂಟು. ಮನುಷ್ಯರ ನೋವಿನ ಮಾತ್ರೆಗಳನ್ನು ಮನಸ್ಸಿಗೆ ಬಂದಂತೆ ಕೊಡುವುದು ಮಾತ್ರ ಅಪಾಯ, ನಾಯಿಯ ಹೊಟ್ಟೆಗೂ ಯಕೃತ್ತಿಗೂ ಮೂತ್ರಪಿಂಡಕ್ಕೂ ಅವು ವಿಷವಾಗಬಲ್ಲವು. ಗೋಣಿಯ ಹಾಸನ್ನು ಒಣಗಿಸಿ ಬದಲಾಯಿಸುವುದು, ದಿನಕ್ಕೆ ನಾಲ್ಕಾರು ಸಲ ಮಗ್ಗುಲು ಹೊರಳಿಸುವುದು, ಹುಣ್ಣು ತೊಳೆದು ನೊಣ ಕೂರದಂತೆ ನೋಡಿಕೊಳ್ಳುವುದು, ಬಟ್ಟಲನ್ನು ಬಾಯಿಯ ಬಳಿಗೆ ಒಯ್ಯುವುದು, ಇವು ಮೊದಲು ಆಗಬೇಕಾದ ಸೇವೆ. ಕಾಯಕವೆಂದರೆ ಗಳಿಕೆಯ ಕೆಲಸವೆಂದೇ ಅನೇಕರು ತಿಳಿದಿದ್ದಾರೆ. ಇದೂ ಕಾಯಕವೇ. ಈ ಸೇವೆಯನ್ನು ಮಾಡದವನಿಗೆ ಮರಣದ ವಿಚಾರದಲ್ಲಿ ಮಾತಾಡುವ ಅಧಿಕಾರವೇ ಇಲ್ಲ. ಮನೆಯಲ್ಲಿ ಯಾರು ಹೇಳಬೇಕೆಂಬ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ: ಹುಣ್ಣು ತೊಳೆಯುವವರು ಹೇಳಬೇಕು. ಎಷ್ಟೋ ಮನೆಗಳಲ್ಲಿ ಅವರು ತಾಯಿಯೋ ಸೊಸೆಯೋ ಆಗಿರುತ್ತಾರೆ. ಜಗಲಿಯ ಮೇಲಿನ ಚರ್ಚೆಯಲ್ಲಿ ಅವರನ್ನು ಕೇಳುವವರೇ ಇರುವುದಿಲ್ಲ.

ಆ ಗಳಿಗೆಯನ್ನು ತಿಳಿಯುವ ಬಗೆ ಹೇಗೆ? ಮೂಕಪ್ರಾಣಿಗೆ ಮಾತಿಲ್ಲದಿದ್ದರೂ ಭಾಷೆಯುಂಟು. ಎದುರಿಗಿಟ್ಟ ಅನ್ನವನ್ನು ಮೂಸಿ ಮುಖ ತಿರುಗಿಸುವುದು. ಮಲಗಲೂ ಆಗದೆ ಏಳಲೂ ಆಗದೆ ಚಡಪಡಿಸುವುದು. ತಂಪು ಹೊತ್ತಿನಲ್ಲಿಯೂ ಏದುಸಿರು ಬಿಡುವುದು. ಎಂದೂ ಕಚ್ಚದ ನಾಯಿ ಮುಟ್ಟಿದೊಡನೆ ಹಲ್ಲು ತೋರುವುದು. ಮನೆಯವರ ಹೆಜ್ಜೆಯ ಸಪ್ಪಳಕ್ಕೆ ಬಾಲವನ್ನೂ ಆಡಿಸದಿರುವುದು. ಒಂದು ದಿನದ ಲಕ್ಷಣದಿಂದ ನಿರ್ಣಯಿಸಬಾರದು. ಗೋಡೆಗೆ ತೂಗುಹಾಕಿದ ಪಂಚಾಂಗದ ಹಾಳೆಯಲ್ಲಿ, ಹಾಲಿನ ಲೆಕ್ಕ ಬರೆಯುವಂತೆ, ಒಳ್ಳೆಯ ದಿನಕ್ಕೊಂದು ಗುರುತು, ಕೆಟ್ಟ ದಿನಕ್ಕೊಂದು ಗುರುತು ಹಾಕುತ್ತ ಬಂದರೆ ಎರಡು ಮೂರು ವಾರಗಳಲ್ಲಿ ಮನಸ್ಸಿನ ಬೇಸರವೂ ಮೋಹವೂ ಬದಿಗೆ ಸರಿದು ನಿಜಸ್ಥಿತಿ ಕಾಣುತ್ತದೆ. ಕೆಟ್ಟ ದಿನಗಳೇ ಹೆಚ್ಚಾಗಿ, ಗುಣವಾಗುವ ಆಶೆಯಿಲ್ಲವೆಂದು ವೈದ್ಯರೂ ಹೇಳಿದ ಮೇಲೆ ಕಾಯುವುದರಿಂದ ನಾಯಿಗೆ ದೊರೆಯುವುದೇನು?

ವೈದ್ಯರು ಮಾಡುವ ಕ್ರಮವನ್ನು ತಿಳಿದುಕೊಂಡರೆ ಅರ್ಧ ಭಯ ಹೋಗುತ್ತದೆ. ಮೊದಲು ಮತ್ತು ಬರಿಸುವ ಔಷಧ, ನಾಯಿ ನಿದ್ರೆಹೋಗುತ್ತದೆ. ಅನಂತರ ಶಸ್ತ್ರಚಿಕಿತ್ಸೆಗೆ ಬಳಸುವಂತಹ ಅರಿವಳಿಕೆಯನ್ನೇ ಅಧಿಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಅರಿವು ಮೊದಲು ಅಡಗಿ, ಕೆಲವೇ ನಿಮಿಷಗಳಲ್ಲಿ ಉಸಿರೂ ಹೃದಯವೂ ನಿಲ್ಲುತ್ತವೆ. ಊರಲ್ಲಿ ಕೆಲವರು ರೊಟ್ಟಿಯಲ್ಲಿ ಬೆಳೆಯ ವಿಷವನ್ನು ಇಟ್ಟು ಹಾಕುವುದುಂಟು. ಅದು ನಡುಕದ, ನೊರೆಯ, ಘೋರಯಾತನೆಯ ಮರಣ, ಅಪರಾಧವೂ ಹೌದು. ಸಾಧ್ಯವಾದರೆ ವೈದ್ಯರನ್ನು ಮನೆಗೇ ಕರೆಸಬೇಕು, ಅದು ಕಾವಲಿದ್ದ ಅಂಗಳದಲ್ಲಿಯೇ ಮಲಗಿರಲಿ. ಮನೆಯ ಯಜಮಾನನು ಹೊಲದ ಕೆಲಸದ ನೆಪ ಹೇಳಿ ತಪ್ಪಿಸಿಕೊಳ್ಳದೆ ಅದರ ತಲೆಯ ಮೇಲೆ ಕೈಯಿಟ್ಟು ಕುಳಿತಿರತಕ್ಕದ್ದು. ಮಹಾಭಾರತದ ಮಹಾಪ್ರಸ್ಥಾನದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗವನ್ನು ಏರಲೊಲ್ಲದ ಕಥೆಯನ್ನು ಹೇಳುತ್ತ ಬಂದ ಜನಕ್ಕೆ ಇಷ್ಟು ಹೊತ್ತು ಕುಳಿತಿರುವುದು ಭಾರವಾಗಬಾರದು.

ಮಕ್ಕಳಿಗೆ, ನಾಯಿ ಓಡಿಹೋಯಿತೆಂದು ಸುಳ್ಳು ಹೇಳುವ ಪದ್ಧತಿ ಒಳ್ಳೆಯದಲ್ಲ. ಅವು ಬೀದಿಬೀದಿ ಹುಡುಕುತ್ತವೆ. ಕಾಯಿಲೆ ವಾಸಿಯಾಗದು, ನೋವು ಬಹಳವಾಯಿತು, ನೋವಿಲ್ಲದಂತೆ ಕಳಿಸಿಕೊಟ್ಟೆವೆಂದು ಹೇಳಿದರೆ ಅವು ಅತ್ತು ಸಮಾಧಾನಗೊಳ್ಳುತ್ತವೆ.

ಸತ್ತ ನಾಯಿಗೆ ಸಂಸ್ಕಾರವುಂಟೆ, ವಿಭೂತಿ ಧರಿಸಬಹುದೆ ಎಂದು ಕೇಳುವವರೂ ಇದ್ದಾರೆ. ಲಿಂಗಧಾರಣೆ ಮನುಷ್ಯನಿಗೆ ಗುರುವು ಕೊಡುವ ದೀಕ್ಷೆ. ಆ ವಿಧಿಗಳನ್ನು ಇಲ್ಲಿ ಎಳೆದು ತರಬೇಕಾಗಿಲ್ಲ. ಆದರೆ ನಾಯಿಗೆ ಗೌರವವೇ ಸಲ್ಲದೆಂದೂ ಅಲ್ಲ. ವಚನಗಳಲ್ಲಿ ನಾಯಿಯು ಬಹುಮಟ್ಟಿಗೆ ಹರಿದಾಡುವ ಮನಸ್ಸಿಗೆ ಉಪಮೆಯಾಗಿ ಬರುತ್ತದೆ ನಿಜ. ಅದು ಮನಸ್ಸಿನ ನಿಂದೆಯೇ ಹೊರತು ಪ್ರಾಣಿಯ ನಿಂದೆಯಲ್ಲ. ಕುಲದ ಹೆಮ್ಮೆಯವರ ಮುಂದೆ ಹಾವಿನಹಾಳ ಕಲ್ಲಯ್ಯನವರು ನಾಯಿಯ ಬಾಯಿಂದ ವೇದವನ್ನು ಓದಿಸಿದರೆಂಬ ಕಥೆಯೂ ಶರಣರ ಚರಿತೆಗಳಲ್ಲಿಯೇ ಇದೆ. ಕನ್ನಡನಾಡಿನಲ್ಲಿ ನಾಯಿಗೆ ಕಲ್ಲು ನಿಲ್ಲಿಸಿದ್ದೂ ಉಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಶಕವರ್ಷ 872ರ ಶಾಸನದಲ್ಲಿ, ಗಂಗರ ಬೂತುಗನಿಂದ ಮಣಲೆರನು ಕೇಳಿ ಪಡೆದ ಕಾಳಿಯೆಂಬ ಬೇಟೆನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಮಡಿದ ಸಂಗತಿ ಕೊರೆಯಲ್ಪಟ್ಟಿದೆ. ಆ ಕಲ್ಲನ್ನು ನಿಲ್ಲಿಸಿದ್ದು ಚಲ್ಲೇಶ್ವರನೆಂಬ ಶಿವನ ಗುಡಿಯ ಮುಂದೆ. ಅದಕ್ಕೆ ಭೂಮಿಯನ್ನೂ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪವೆಂದು ಬರೆಸಿದ್ದಾರೆ. ಈಗ ಆ ಶಿಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮನೆಯ ನಾಯಿಗೆ ಕಲ್ಲು ಬೇಡ. ಅದು ಕಾಯ್ದ ಹೊಲದ ಬದುವಿನಲ್ಲಿ, ಬೇವಿನ ಗಿಡದ ಆಸರೆಯಲ್ಲಿ, ಬಾವಿಯಿಂದ ದೂರವಾಗಿ ಗುಣಿ ತೋಡಿಸಿ ಮಣ್ಣು ಮಾಡಬಹುದು. ಗುಣಿ ಒಬ್ಬ ಮನುಷ್ಯನ ಎದೆಯ ಮಟ್ಟವಾದರೂ ಆಳವಿರಲಿ. ವೈದ್ಯರು ಕೊಟ್ಟ ಔಷಧ ಆ ಒಡಲಿನಲ್ಲಿ ಉಳಿದಿರುತ್ತದೆ. ಮೇಲೆಯೇ ಹೂತರೆ ನರಿಯೋ ಹದ್ದೋ ಬೇರೆ ನಾಯಿಯೋ ಬಗೆದು ತಿಂದು ಸತ್ತೀತು.