ಹರಕೆಯ ಆಟ, ಶಾಲೆಯ ಹೆಜ್ಜೆ

ದೇವರಿಗೆಂದು ಹುಟ್ಟಿದ ಹಾಡನ್ನು ದೇವರ ಅಂಗಳದ ಹೊರಗೆ, ನಂಬುವವರು ನಂಬದವರು ಎನ್ನದೆ ಎಲ್ಲರಿಗೂ ಕಲಿಸಬಹುದೇ? ಕಲಿಸಿದರೆ ಅದು ಸೇವೆಯಾಗಿ ಉಳಿಯುತ್ತದೆಯೇ? ವೃತ್ತಿಪರ ಗಾಯನ ವೃಂದಗಳು ಚರ್ಚಿನಿಂದ ಹೊರಟು ಶಾಲೆಗಳಿಗೆ, ಓಣಿಗಳಿಗೆ ಹೋಗಿ ಹಾಡು ಕಲಿಸುವ ದೇಶಗಳಲ್ಲಿ ಈ ಪ್ರಶ್ನೆ ಇದ್ದೇ ಇದೆ. ನಮ್ಮ ಕರಾವಳಿಯಲ್ಲಿ ಅದು ಎದುರಾಗುವುದು ಯಕ್ಷಗಾನದ ಹಿಮ್ಮೇಳ ಮುಮ್ಮೇಳಗಳು ಶಾಲೆಯ ಮೆಟ್ಟಿಲು ಹತ್ತಿದಾಗ. ಶಿರೂರಿನಂಥ ಊರಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕ. ಉಡುಪಿ ಜಿಲ್ಲೆ ಮುಗಿದು ಭಟ್ಕಳ ತಾಲ್ಲೂಕು ಶುರುವಾಗುವ ಆ ಕಡಲಂಚಿನಲ್ಲಿ ಕುಂದಾಪುರ ಕನ್ನಡ, ಕೊಂಕಣಿ, ನವಾಯತಿ ಮೂರೂ ಒಂದೇ ಪೇಟೆಯಲ್ಲಿ ಕಿವಿಗೆ ಬೀಳುತ್ತವೆ. ಅಲ್ಲಿ ಭಕ್ತಿಯ ಹಾಡು ಯಾರದ್ದು ಎಂದು ಕೇಳುವುದೆಂದರೆ ಊರು ಯಾರದ್ದು ಎಂದು ಕೇಳಿದಂತೆಯೇ. ಆ ಹಾಡನ್ನು ಎಲ್ಲರಿಗೂ ಕಲಿಸುವುದು ಭಕ್ತಿಗೆ ಹೊರತಾದ ಕೆಲಸವಲ್ಲ, ಸೇವೆಯದ್ದೇ ಮುಂದುವರಿಕೆ ಎಂಬುದು ನನ್ನ ನಿಲುವು. ಆದರೆ ಅದಕ್ಕೊಂದು ಷರತ್ತಿದೆ: ಕಲಿಯುವ ಮಗುವಿಗೆ ಬಾಯಿ ತೆರೆಯುವಷ್ಟೇ ಸ್ವಾತಂತ್ರ್ಯ ಸುಮ್ಮನಿರುವುದಕ್ಕೂ ಇರಬೇಕು.

ಸಂಬಳ ಪಡೆದು ಹಾಡುವವನ ಬಾಯಲ್ಲಿ ಭಕ್ತಿ ಎಲ್ಲಿಂದ ಬರಬೇಕು ಎನ್ನುವವರಿಗೆ ನಮ್ಮ ಯಕ್ಷಗಾನದ ಹರಕೆ ಆಟಗಳೇ ಉತ್ತರ. ಮಂದಾರ್ತಿ ದೇವಸ್ಥಾನದ ಐದು ಮೇಳಗಳಿರಲಿ, ಮಾರಣಕಟ್ಟೆಯ ಮೇಳಗಳಿರಲಿ, ಆಟ ಆಡಿಸುತ್ತೇನೆಂದು ಹೇಳಿಕೊಂಡವರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಹರಕೆ ಹೊತ್ತವನು ತಾನು ಹಾಡುವುದಿಲ್ಲ, ಕುಣಿಯುವುದಿಲ್ಲ. ಅವನ ಪರವಾಗಿ ಹಾಡುವವರು ಭಾಗವತರು, ಕುಣಿಯುವವರು ವೇಷಧಾರಿಗಳು. ಎಲ್ಲರೂ ಆ ದುಡಿಮೆಯಿಂದಲೇ ಸಂಸಾರ ಸಾಗಿಸುವವರು. ಆದರೂ ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಿ, ಬೆಳಗಿನ ಮಂಗಳ ಮುಗಿದರೆ ಹರಕೆ ಸಂದಿತೆಂದೇ ಮನೆಯವರೂ ಊರವರೂ ನಂಬುತ್ತಾರೆ. ವೃತ್ತಿ ಮತ್ತು ಭಕ್ತಿ ಒಂದೇ ರಂಗಸ್ಥಳದಲ್ಲಿ ನಿಲ್ಲಬಲ್ಲವು ಎಂದು ಈ ನಾಡು ಎಂದೋ ಒಪ್ಪಿಕೊಂಡಿದೆ. ದೇವರ ಮುಂದೆ ಸಲ್ಲುವ ವೃತ್ತಿ ಮಕ್ಕಳ ಮುಂದೆ ಸಲ್ಲುವುದಿಲ್ಲ ಎನ್ನಲು ಕಾರಣ ಕಾಣುವುದಿಲ್ಲ.

ಹಾಡು ಜನರಿದ್ದಲ್ಲಿಗೆ ಹೋಗುವುದೂ ಹೊಸದೇನಲ್ಲ. ನವರಾತ್ರಿಯಲ್ಲಿ ಕುಂದಾಪುರ ಸೀಮೆಯ ಮನೆ ಮನೆಗೆ ಬರುತ್ತಿದ್ದ ಹೂವಿನಕೋಲು ಇದಕ್ಕೆ ಸಾಕ್ಷಿ. ಹೂ ಸುತ್ತಿದ ಕೋಲು, ಒಬ್ಬ ಭಾಗವತ, ಒಂದು ಮದ್ದಲೆ, ಎದುರು ಬದುರು ಕೂರುವ ಚಿಕ್ಕ ಹುಡುಗರು. ಪ್ರಸಂಗದ ನಾಲ್ಕಾರು ಪದ್ಯ, ಅದಕ್ಕೆ ಬಾಯಿಪಾಠದ ಅರ್ಥ, ಮನೆಯವರಿಗೆ ಹಾರೈಕೆಯ ಮಾತು. ಬದಲಿಗೆ ಅಕ್ಕಿ, ಕಾಯಿ, ಕಾಣಿಕೆ. ಹಿಂದೆ ಅಕ್ಷರ ಕಲಿಸುವ ಐಗಳೇ ತಮ್ಮ ಮಠದ ಹುಡುಗರನ್ನು ಕಟ್ಟಿಕೊಂಡು ಹೀಗೆ ಹೊರಡುತ್ತಿದ್ದರು. ಅಲ್ಲಿ ಶಾಲೆ, ಸೇವೆ, ಸಂಪಾದನೆ ಬೇರೆ ಬೇರೆಯಾಗಿರಲಿಲ್ಲ. ಆಟ ನೋಡಲು ಬಯಲಿಗೆ ಬರಲಾಗದ ಮುದುಕರ, ಬಾಣಂತಿಯರ ಮುಂದೆ ಆಟವೇ ಬಂದು ಕೂರುತ್ತಿತ್ತು. 1971ರಲ್ಲಿ ಉಡುಪಿಯ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಶುರುವಾದದ್ದು, ಸಾಲಿಗ್ರಾಮದಲ್ಲಿ ಮಕ್ಕಳ ಮೇಳ ಕಟ್ಟಿದ್ದು, ಉಡುಪಿಯ ಯಕ್ಷ ಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸುತ್ತಿರುವುದು, ಎಲ್ಲವೂ ಇದೇ ದಾರಿಯ ಮುಂದಿನ ಹೆಜ್ಜೆಗಳು. ಮೇಳದ ಆಟಗಳು ಬಹುಮಟ್ಟಿಗೆ ಇಂದೂ ಗಂಡಸರದ್ದೇ. ಶಾಲೆಯ ತರಗತಿಯಲ್ಲಿ ಹೆಣ್ಣುಮಕ್ಕಳು ಗೆಜ್ಜೆ ಕಟ್ಟಿದ್ದಾರೆ, ಕಿರೀಟ ಇಟ್ಟು ರಂಗಕ್ಕೂ ಬಂದಿದ್ದಾರೆ. ಇಷ್ಟೊಂದು ಮಂದಿಗೆ ಮುಚ್ಚಿದ್ದ ಬಾಗಿಲು ಶಾಲೆಯಲ್ಲಿ ತೆರೆಯಿತು ಎಂಬುದನ್ನು ಹಗುರವಾಗಿ ಕಾಣಬಾರದು.

ಈಗ ಕಠಿಣವಾದ ಆಕ್ಷೇಪ. ರಾಮ, ಕೃಷ್ಣ, ದೇವಿಯರ ಕಥೆಯನ್ನು ಶಾಲೆಯಲ್ಲಿ ಹಾಡಿಸುವುದು ಧರ್ಮಬೋಧೆಯೇ ಅಲ್ಲವೇ? ಮೊದಲು ತರಗತಿಯಲ್ಲಿ ಏನು ನಡೆಯುತ್ತದೆಂದು ನೋಡಬೇಕು. ಬಾಯಿತಾಳ ಹೇಳುತ್ತಾ ಕೈಯಲ್ಲಿ ತಾಳ ಹಾಕುವುದು, ಏಕ, ರೂಪಕ, ಝಂಪೆಗಳ ವ್ಯತ್ಯಾಸವನ್ನು ಕಾಲಿಗೆ ಹಿಡಿಸುವುದು, ಪದ್ಯ ಮುಗಿದಲ್ಲಿ ಮಾತು ಎತ್ತಿಕೊಳ್ಳುವುದು. ತಿಂಗಳುಗಟ್ಟಲೆ ನಡೆಯುವುದು ಹೆಚ್ಚಿನಂಶ ಇದೇ. ಅದಕ್ಕಿಂತ ದೊಡ್ಡದು ಅರ್ಥ ಹೇಳುವ, ಅಂದರೆ ಪಾತ್ರವಾಗಿ ಮಾತಾಡುವ ಕ್ರಮ. ವಾಲಿಯ ಪಾತ್ರಕ್ಕೆ ಕೂತ ಹುಡುಗಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನೇ ಕೇಳಬೇಕು. ಮನಸ್ಸಿಟ್ಟು ಕೇಳದಿದ್ದರೆ ಪಾತ್ರ ಕೆಡುತ್ತದೆ. ಮುಂದಿನ ವರ್ಷ ಅವಳೇ ರಾಮನಾಗಿ ಉತ್ತರ ಹುಡುಕಬೇಕಾದೀತು. ಇನ್ನೊಂದು ಪ್ರಸಂಗದಲ್ಲಿ ಭಕ್ತನಾದ ಸುಧನ್ವ ಕೃಷ್ಣನೆದುರೇ ಬಿಲ್ಲು ಹಿಡಿಯುತ್ತಾನೆ. ದೇವರನ್ನು ಎದುರು ಕೂರಿಸಿಕೊಂಡು ವಾದಿಸಲು ಕಲಿಸುವ ವಿದ್ಯೆಯನ್ನು ಬರೀ ಬೋಧೆ ಎನ್ನಲಾಗದು. ಮುಸ್ಲಿಮರಾದ ಜಬ್ಬಾರ್ ಸಮೊ ಅವರು ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆಯ ಕೂಟಗಳಲ್ಲಿ ಪುರಾಣದ ಪಾತ್ರಗಳಿಗೆ ಅರ್ಥ ಹೇಳಿ ಹೆಸರಾಗಿರುವುದು ಈ ವಿದ್ಯೆ ಎಷ್ಟು ಅಗಲ ಎಂಬುದಕ್ಕೆ ನಿದರ್ಶನ.

ಆದರೆ ಇಷ್ಟಕ್ಕೇ ಆಕ್ಷೇಪ ತೀರಿತೆನ್ನುವುದು ಪ್ರಾಮಾಣಿಕವಲ್ಲ. ಗಣಪತಿಯ ಸ್ತುತಿ ಪ್ರಾರ್ಥನೆಯೇ, ಮಂಗಳವೂ ಪ್ರಾರ್ಥನೆಯೇ. ಅವನ್ನು ಬರೀ ಸಂಸ್ಕೃತಿ ಎಂದು ಕರೆದು ಎಲ್ಲರ ಬಾಯಲ್ಲೂ ಹೇಳಿಸುವುದು ಭಕ್ತನಿಗೂ ಅವಮಾನ, ಉಳಿದವರಿಗೂ ಅನ್ಯಾಯ. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧೆ ಕೂಡದೆನ್ನುತ್ತದೆ. ಅನುದಾನ ಪಡೆಯುವ ಶಾಲೆಯಲ್ಲೂ ಒಪ್ಪಿಗೆಯಿಲ್ಲದೆ ಯಾರನ್ನೂ ಅದಕ್ಕೆ ಕೂರಿಸುವಂತಿಲ್ಲ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಹೇಳಿತು. ರಾಷ್ಟ್ರಗೀತೆಯ ಮುಂದೆಯೇ ಮಗುವಿನ ಮೌನಕ್ಕೆ ಮಾನವಿದ್ದರೆ ಸ್ತುತಿಪದ್ಯದ ಮುಂದೆ ಇರಲೇಬೇಕು. ಸ್ತುತಿಯ ಹೊತ್ತಿನಲ್ಲಿ ಸುಮ್ಮನೆ ನಿಂತು, ಆಮೇಲೆ ಹೆಜ್ಜೆ ಹಾಕುವ ಮಗುವಿಗೂ ಆ ತರಗತಿಯಲ್ಲಿ ಪೂರ್ಣ ಜಾಗವಿರಬೇಕು. ಹೂವಿನಕೋಲಿನವರೂ ಬಾಗಿಲು ತೆರೆದ ಮನೆಗೆ ಹೋಗುತ್ತಿದ್ದರೇ ಹೊರತು ಬಾಗಿಲು ಒಡೆಯುತ್ತಿರಲಿಲ್ಲ.

ಹೀಗೆ ಎಲ್ಲರಿಗೂ ಹಂಚಿದರೆ ಭಕ್ತಿ ತೆಳುವಾಗುತ್ತದೆ ಎಂಬ ಅಂಜಿಕೆಯೂ ಕೆಲವು ಆಸ್ತಿಕರಿಗಿದೆ. ಅವರು ಶಿರೂರು ಇರುವ ಬೈಂದೂರು ತಾಲ್ಲೂಕಿನದೇ ಆದ ಕೊಲ್ಲೂರನ್ನು ನೆನೆಯಬೇಕು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಗಾಯಕ ಯೇಸುದಾಸ್ ತಮ್ಮ ಹುಟ್ಟುಹಬ್ಬವಾದ ಜನವರಿ 10ರಂದು ಹಲವು ವರ್ಷ ಮೂಕಾಂಬಿಕೆಯ ಸನ್ನಿಧಿಯಲ್ಲಿ ಕೂತು ಹಾಡಿದರು. ಅದರಿಂದ ಕೊಲ್ಲೂರಿನ ಭಕ್ತಿ ಕುಗ್ಗಿತೆಂದು ಯಾರೂ ಹೇಳಿಲ್ಲ.

ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು ಮೇ ಕೊನೆಗೆ. ಶಾಲೆ ಶುರುವಾಗುವುದು ಅದರ ಬೆನ್ನಿಗೆ. ಮಳೆಗಾಲದ ಆ ತಿಂಗಳುಗಳಲ್ಲಿ ಎಷ್ಟೋ ಕಲಾವಿದರ ಕೈಯಲ್ಲಿ ಕೆಲಸವಿರುವುದಿಲ್ಲ, ಮಕ್ಕಳು ಶಾಲೆಯಲ್ಲಿರುತ್ತಾರೆ. ಹರಕೆ ಆಟ ಆಡಿಸುವ ಮನೆಯವರು, ಮೇಳ ನಡೆಸುವ ದೇವಸ್ಥಾನದವರು, ಒಂದು ಆಟದ ಜೊತೆಗೆ ಶಿರೂರಿನಂಥ ಊರಿನ ಒಂದು ಶಾಲೆಗೆ ಒಂದು ಮಳೆಗಾಲದ ಗುರುವಿನ ಸಂಬಳವನ್ನೂ ಹರಕೆಯೆಂದೇ ಹೊತ್ತುಕೊಳ್ಳಲಿ. ಆ ತರಗತಿಗೆ ಬರಲು ಯಾವ ಮಗುವಿನ ಹೆಸರನ್ನೂ ಜಾತಿಯನ್ನೂ ಕೇಳದಿರಲಿ.