ಕಿಟಕಿಯ ಗಾಜಿನ ಮೇಲಣ ಹಿಮಚಿತ್ರ

‘ಅಳಿಯುವುದೆಲ್ಲವೂ ತುಚ್ಛ’ ಎಂಬ ಮಾತು ಶಾಸ್ತ್ರವನ್ನು ಅರ್ಧಕ್ಕೆ ಕೇಳಿ ಎದ್ದವರ ಬಾಯಲ್ಲಿ ಬಲು ಸುಲಭವಾಗಿ ಹೊರಡುತ್ತದೆ. ನಶ್ವರವಾದುದಕ್ಕೆ ಮನಸ್ಸನ್ನು ಒತ್ತೆಯಿಡಬಾರದೆಂಬುದು ದಿಟ. ಅಷ್ಟರಿಂದಲೇ ಅದನ್ನು ಕಣ್ಣೆತ್ತಿಯೂ ನೋಡಬಾರದೆಂದು ಸಿದ್ಧವಾಗುವುದೇ? ಸಹೃದಯರಾದ ವಾಚಕರು ಕ್ಷಣಕಾಲ ವಿಚಾರಿಸಬೇಕು.

ಅತಿಶೀತ ದೇಶಗಳಲ್ಲಿ ಚಳಿಗಾಲದ ರಾತ್ರಿ ಕಿಟಕಿಯ ಒಂಟಿ ಗಾಜು 0 ಡಿಗ್ರಿ ಸೆಲ್ಸಿಯಸ್‌ಗಿಂತಲೂ ತಣ್ಣಗಾಗುತ್ತದೆ. ಮನೆಯೊಳಗಣ ಗಾಳಿಯ ನೀರಾವಿಯು ಅದನ್ನು ಸೋಂಕಿದಾಗ, ನಡುವೆ ನೀರಾಗದೆ ನೇರವಾಗಿಯೇ ಹರಳುಗಟ್ಟಬಲ್ಲುದು. ಗಾಜಿನ ಗೀರು, ಧೂಳಿನ ಕಣ, ಒರೆಸಿದ ಬಟ್ಟೆ ಬಿಟ್ಟುಹೋದ ಗುರುತು, ಇವನ್ನೇ ಆಸರೆಯಾಗಿ ಹಿಡಿದು ಆ ಹರಳುಗಳು ಜರೀಗಿಡದ ಎಲೆಯಂತೆ, ಹಕ್ಕಿಯ ಗರಿಯಂತೆ ಕವಲೊಡೆದು ಹಬ್ಬುತ್ತವೆ. ನಾವು ಕೊರತೆಯೆಂದು ಕರೆಯುವ ಗೀರೇ ಇಲ್ಲಿ ಚಿತ್ರಕ್ಕೆ ದಾರಿ ತೋರಿಸುತ್ತದೆಂಬುದನ್ನು ಗಮನಿಸಬೇಕು. ಬಿಸಿಲೇರಿತೆಂದರೆ ಉಳಿಯುವುದು ನೀರಿನ ಒಂದು ಗೆರೆ. ಎರಡು ಪದರದ ಗಾಜು ಬಂದಮೇಲೆ ಒಳಪದರವು ಬೆಚ್ಚಗಿರುವುದರಿಂದ ಆ ದೇಶಗಳಲ್ಲಿಯೂ ಈ ನೋಟ ವಿರಳವಾಗಿದೆ. ಚಳಿಯಲ್ಲಿ ನಡುಗುವವರಿಗೆ ಅದೇ ಹಿತ; ಅದಕ್ಕಾಗಿ ಹಲುಬುವುದು ಸಲ್ಲದು.

ಅಮೆರಿಕೆಯ ವರ್ಮಾಂಟ್ ಪ್ರಾಂತದ ಜೆರಿಕೋ ಗ್ರಾಮದಲ್ಲಿ ವಿಲ್ಸನ್ ಬೆಂಟ್ಲಿ ಎಂಬ ಕೃಷಿಕನಿದ್ದನು. 1865ರಲ್ಲಿ ಜನಿಸಿದ ಈತನು 1885ರ ಜನವರಿ 15ರಂದು ಸೂಕ್ಷ್ಮದರ್ಶಕವನ್ನು ಛಾಯಾಗ್ರಹಣ ಯಂತ್ರಕ್ಕೆ ಜೋಡಿಸಿ ಹಿಮದ ಹರಳೊಂದರ ಚಿತ್ರವನ್ನು ತೆಗೆದನು. ಮುಂದೆ ನಾಲ್ಕು ದಶಕಗಳಿಗೂ ಮಿಕ್ಕಿ, ಬೆಂಕಿಯಿಲ್ಲದ ಕೊಠಡಿಯಲ್ಲಿ, ತನ್ನ ಉಸಿರೂ ತಾಗದಂತೆ ನಿಂತು 5,000ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು. ಕಿಟಕಿಯ ಹಿಮಚಿತ್ರಗಳನ್ನೂ ಬಿಡಲಿಲ್ಲ. ಆತನ ಚಿತ್ರಗಳ ಗ್ರಂಥವು 1931ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆತನು ತೀರಿಕೊಂಡನು.

ಕರಗುವುದನ್ನು ಹಿಡಿದಿಡಹೊರಟವನು ಮೋಹಿಯಲ್ಲವೇ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಹಗುರವಾದುದಲ್ಲ. ಆತನಿಗೆ ದಕ್ಕಿದುದು ಬೆಳಕಿನ ಗುರುತೇ ಹೊರತು ಹಿಮವಂತೂ ಅಲ್ಲ. ಆದರೆ ಮೋಹಿಯಾದವನು ತನ್ನದನ್ನು ಬಚ್ಚಿಡುತ್ತಾನೆ. ಈತನೋ ಆ ಚಿತ್ರಗಳನ್ನು ಅಲ್ಪ ಬೆಲೆಗೆ ಶಾಲೆಗಳಿಗೂ ವಿದ್ವಾಂಸರಿಗೂ ಹಂಚಿದನು. ನೂರು ವರ್ಷ ಬಾಳುವ ಕಲ್ಲುಮನೆಗಾಗಿ ಅಣ್ಣತಮ್ಮಂದಿರು ನ್ಯಾಯಸ್ಥಾನ ಹತ್ತುವುದನ್ನು ನಾವು ಕಾಣೆವೇ? ವಸ್ತುವಿನ ಆಯುಷ್ಯವನ್ನು ಎಣಿಸಿ ಮೋಹವನ್ನು ಅಳೆಯಲಾಗದು. ‘ನನ್ನದು’ ಎಂಬ ಬುದ್ಧಿ ಎಲ್ಲಿ ಕುಳಿತಿದೆಯೆಂದು ನೋಡಬೇಕು.

ಇನ್ನು ಬೆಂಟ್ಲಿಯ ಯಂತ್ರಕ್ಕೆ ಸಿಕ್ಕದ ಹರಳುಗಳ ಮಾತು. ಆತನು ಒಂದನ್ನು ಆರಿಸಿಕೊಳ್ಳುವಷ್ಟರಲ್ಲಿ ಅಂಗಳದಲ್ಲಿ ಎಣಿಕೆಗೆ ಸಿಗದಷ್ಟು ಹರಳುಗಳು ಬಿದ್ದು, ಯಾರ ಕಣ್ಣಿಗೂ ಬೀಳದೆ ಕರಗಿದವು. ಅವುಗಳಲ್ಲಿಯೂ ಅದೇ ಷಟ್ಕೋನದ ನಿಯಮವೇ ನಡೆದಿತ್ತು.